ಮೊದಲು ಕಂದೀಲು, ಆಮೇಲೆ ಆಳು

ಬಸವಕಲ್ಯಾಣ, ಹುಮನಾಬಾದ ಸೀಮೆಯ ತೊಗರಿ, ಉದ್ದು, ಹೆಸರು, ಕಬ್ಬುಗಳು ನಮ್ಮ ಅಡಿಗೆಮನೆಯನ್ನು ಸೇರುವ ಮುನ್ನ ಎಷ್ಟೋ ಉಗ್ರಾಣ, ಗಿರಣಿ, ತೊಟ್ಟಿಗಳನ್ನು ದಾಟಿ ಬರಬೇಕು. ಅಲ್ಲಿ ದುಡಿಯುವವನಿಗೆ ಕಣ್ಣಿಗೆ ಕಾಣುವ ಯಂತ್ರದ ಭಯವಿದೆ. ಕಾಣದ ಗಾಳಿಯ ಭಯ ಅಷ್ಟಾಗಿ ಇಲ್ಲ. ಅವನ ಅಜ್ಜನಿಗೆ ಆ ಭಯ ಚೆನ್ನಾಗಿಯೇ ಇತ್ತು.

ಬಿಳಿಜೋಳದ ನಾಡಿನಲ್ಲಿ ಹಿಂದೆ ಕಾಳನ್ನು ತುಂಬುತ್ತಿದ್ದುದು ಹಗೇವಿನಲ್ಲಿ. ಕಿರಿದಾದ ಬಾಯಿ, ಅಗಲವಾದ ಒಡಲು. ಸುತ್ತ ಹುಲ್ಲು, ಮೇಲೆ ಕಲ್ಲು, ಮಣ್ಣು. ಒಳಗಿನ ಕಾಳು ಸತ್ತುದಲ್ಲ, ಅದೂ ಉಸಿರಾಡುತ್ತದೆ. ಆಮ್ಲಜನಕವನ್ನು ಹೀರಿ ಇಂಗಾಲಾಮ್ಲ ವಾಯುವನ್ನು ಬಿಡುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಈ ವಾಯು ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಹುಳು ಸಾಯುವುದೂ ಅದರಿಂದಲೇ, ಅವಸರಪಟ್ಟು ಇಳಿದ ಆಳು ಸಾಯುವುದೂ ಅದರಿಂದಲೇ. ಆದುದರಿಂದ ಬಾಯಿ ತೆರೆದ ಮೇಲೆ ಬಹಳ ಹೊತ್ತು ಕಾಯ್ದು, ಹಗ್ಗಕ್ಕೆ ಕಂದೀಲನ್ನು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ.

ಇಂದಿನ ತೊಟ್ಟಿಗಳಿಗೆ ಈ ಪರೀಕ್ಷೆ ಸಾಲದು. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ತೊಟ್ಟಿಯೊಳಗೆ ಒಬ್ಬನು ಪ್ರಜ್ಞೆತಪ್ಪಿ ಬಿದ್ದನು. ಅವನನ್ನು ಎತ್ತಲು ಜೊತೆಗಾರರು ಇಳಿದರು. ಐವರು ಮಡಿದರು, ಎಲ್ಲರೂ ಹೊಟ್ಟೆಪಾಡಿಗಾಗಿ ಪಶ್ಚಿಮ ಬಂಗಾಳದಿಂದ ಬಂದವರು. ಇಂತಹ ದುರಂತಗಳು ಎಲ್ಲಿ ನಡೆದರೂ ಬಹುಮಟ್ಟಿಗೆ ಇದೇ ಬಗೆ: ಮೊದಲನೆಯವನನ್ನು ಕೆಲಸ ಕೊಲ್ಲುತ್ತದೆ, ಉಳಿದವರನ್ನು ಸ್ನೇಹ ಕೊಲ್ಲುತ್ತದೆ.

ಮೀನು, ಮಾಂಸ, ಕಬ್ಬಿನ ಕಾಕಂಬಿ, ಯಾವುದರ ಕೊಳೆಯಾದರೂ ಗಾಳಿಯಿಲ್ಲದೆ ಕೊಳೆತರೆ ಹೈಡ್ರೊಜನ್ ಸಲ್ಫೈಡ್ ಹುಟ್ಟಬಹುದು. ಸ್ವಲ್ಪವಿದ್ದಾಗ ಅದಕ್ಕೆ ಕೊಳೆತ ಮೊಟ್ಟೆಯ ನಾತ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 100 ಪಾಲು ಮುಟ್ಟಿತೆಂದರೆ ಮೂಗಿನ ಶಕ್ತಿಯೇ ಉಡುಗುತ್ತದೆ. ನಾತ ಹೋಯಿತೆಂದು ಕೆಲಸಗಾರ ನೆಮ್ಮದಿಪಡುತ್ತಾನೆ. 1000 ಪಾಲಿಗೆ ಒಂದೆರಡು ಉಸಿರಿನಲ್ಲಿಯೇ ಕುಸಿಯುತ್ತಾನೆ. ಇದು ಹೊತ್ತಿಕೊಳ್ಳುವ ವಾಯುವೂ ಹೌದು. ಇಲ್ಲಿ ಕಂದೀಲನ್ನು ಇಳಿಸುವುದು ಅಪಾಯವನ್ನು ಕರೆದಂತೆಯೇ.

ಶಾಸನಕ್ಕೆ ಇದೆಲ್ಲ ತಿಳಿಯದ ಸಂಗತಿಯಲ್ಲ. 1948ರ ಕಾರ್ಖಾನೆ ಕಾಯಿದೆಯ 36ನೆಯ ಪ್ರಕರಣವೇ ಇದನ್ನು ವಿವರವಾಗಿ ಹೇಳಿತ್ತು: ಒಳಗೆ ವಿಷವಾಯುವಿಲ್ಲವೆಂದು ಬಲ್ಲವರು ಪರೀಕ್ಷಿಸಿ ಬರೆದುಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನವಿರಬೇಕು, ಸೊಂಟದ ಪಟ್ಟಿಗೆ ಹಗ್ಗವಿರಬೇಕು, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಹಗ್ಗಕ್ಕೇನು ಮಹಾ ಬೆಲೆ? ಆದರೂ ಗುತ್ತಿಗೆಯ ಆಳಿಗೆ ಅದು ದೊರೆಯುವುದು ಅಪರೂಪ.

ಬೇಳೆಯ ಉಗ್ರಾಣದ ಅಪಾಯ ಬೇರೆ. ಹುಳು ಬೀಳದಂತೆ ಚೀಲಗಳ ರಾಶಿಗೆ ಹೊದಿಕೆ ಹಾಕಿ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಇಡುತ್ತಾರೆ. ತೇವ ತಾಗಿದೊಡನೆ 3 ಗ್ರಾಂ ತೂಕದ ಮಾತ್ರೆಯೊಂದು 1 ಗ್ರಾಂ ಫಾಸ್ಫೀನ್ ವಾಯುವನ್ನು ಬಿಡುತ್ತದೆ. ಅದರ ಬೆಳ್ಳುಳ್ಳಿಯಂತಹ ವಾಸನೆಯನ್ನೂ ನಂಬುವಂತಿಲ್ಲ. ಹೊದಿಕೆ ತೆಗೆದು, ಬಾಗಿಲುಗಳನ್ನೆಲ್ಲ ತೆರೆದು, ಅಳತೆಯ ಉಪಕರಣ ಸರಿಯೆನ್ನುವ ತನಕ ಹಮಾಲರು ಚೀಲ ಮುಟ್ಟಬಾರದು. ಪಕ್ಕದ ಕೋಣೆಯಲ್ಲಿ ಕಾವಲುಗಾರ ಮಲಗಬಾರದು. ಫಾಸ್ಫೀನಿಗೆ ಪ್ರತಿವಿಷವಿಲ್ಲ.