ಎರಡೇ ವರ್ಷಕ್ಕೆ ಹಿರಿಯಜ್ಜ

ಮೊದಲು ಒಂದು ಸಣ್ಣ ಲೆಕ್ಕ. ಒಂದು ಕಂಪನಿ ಪ್ರತಿ ವರ್ಷ ತನ್ನ ಜನರನ್ನ ಎರಡು ಪಟ್ಟು ಮಾಡ್ಕೊಳ್ತಾ ಹೋಗುತ್ತೆ ಅಂತಿಟ್ಕೊಳ್ಳಿ. ಯಾವತ್ತು ಹೋಗಿ ನೋಡಿದ್ರೂ ಅಲ್ಲಿರೋರಲ್ಲಿ ಅರ್ಧ ಜನ ಬಂದು ಒಂದು ವರ್ಷ ಆಗಿರಲ್ಲ, ಮುಕ್ಕಾಲು ಜನಕ್ಕೆ ಎರಡು ವರ್ಷ ಆಗಿರಲ್ಲ. ಅದೂ ಯಾರೂ ಬಿಟ್ಟು ಹೋಗದೇ ಇದ್ರೆ! ಇದೆಲ್ಲ ಬರೀ ಕಾಗದದ ಮೇಲಿನ ಲೆಕ್ಕ ಅನ್ಬೇಡಿ. ಗೂಗಲ್‌ನಲ್ಲಿ 2004ರ ಕೊನೆಗೆ ಇದ್ದದ್ದು ಸುಮಾರು 3 ಸಾವಿರ ಜನ, 2006ರ ಕೊನೆಗೆ 10 ಸಾವಿರದ ಮೇಲೆ. ಫೇಸ್‌ಬುಕ್‌ನ ಮೆಟಾ 2019ರ ಕೊನೆಗೆ 45 ಸಾವಿರದ ಹತ್ತಿರ ಇದ್ದದ್ದು 2022ರ ಸೆಪ್ಟೆಂಬರಿಗೆ 87 ಸಾವಿರ.

ನಾನಿರೋದು ಅಷ್ಟು ದೊಡ್ಡ ಕಂಪನಿಯಲ್ಲಲ್ಲ, ಹೆಸರು ಬೇಡ ಬಿಡಿ. ಸೇರಿದಾಗ ನಮ್ಮ ಟೀಮಿನಲ್ಲಿ ಆರು ಜನ. ಎರಡು ವರ್ಷ ಆಗೋ ಹೊತ್ತಿಗೆ ಟೀಮು ಇಪ್ಪತ್ತಮೂರಕ್ಕೆ ಬೆಳೆದಿತ್ತು, ಹಳೇ ಆರರಲ್ಲಿ ಉಳಿದವನು ನಾನೊಬ್ಬನೇ. ಇಪ್ಪತ್ತೇಳನೇ ವಯಸ್ಸಿಗೆ ಹಿರಿಯಜ್ಜನ ಪಟ್ಟ! ದೊಡ್ಡ ಮನೆಗಳಲ್ಲಿ ಅಟ್ಟದ ಮೇಲಿನ ಯಾವ ಡಬ್ಬಿಯಲ್ಲಿ ಏನಿದೆ ಅಂತ ಅಜ್ಜಿಗೊಬ್ಬಳಿಗೇ ಗೊತ್ತಿರುತ್ತಲ್ಲ, ಹಾಗೆ. "ಈ ಟೇಬಲ್ ಯಾಕೆ ಎರಡು ಕಡೆ ಇದೆ?", "ಈ ಸರ್ವರ್ ಆಫ್ ಮಾಡಿದ್ರೆ ಏನಾಗುತ್ತೆ?" ಎಲ್ಲದಕ್ಕೂ ನನ್ನ ಹತ್ರಾನೇ ಬರ್ತಾರೆ. ಅಜ್ಜಿಗಾದ್ರೆ ಡಬ್ಬಿ ತಾನೇ ಇಟ್ಟ ನೆನಪಿರುತ್ತೆ. ಇಲ್ಲಿ ಇಟ್ಟೋರು ಷೇರು ಕೈಗೆ ಬಂದ ತಿಂಗಳೇ ಬೇರೆ ಕಡೆ ಹೋಗಿಯಾಗಿದೆ.

ಊರಿಗೆ ಫೋನ್ ಮಾಡಿದಾಗೆಲ್ಲ ಕೇಳೋದು ಒಂದೇ, "ಎಷ್ಟು ಹೊತ್ತು ದುಡಿಸ್ಕೊಳ್ತಾರೋ?" ಹೊತ್ತಿನ ಮಾತು ಅಷ್ಟಕ್ಕಷ್ಟೇ. ಜೀವ ಹಿಂಡೋದು ಆನ್‌ಕಾಲ್. ವಾರಕ್ಕೊಬ್ಬರ ಸರದಿ, ಆ ವಾರ ಫೋನು ತಲೆದಿಂಬಿನ ಪಕ್ಕ. ರಾತ್ರಿ ಮೂರಕ್ಕೆ ಅದು ಕೂಗಿದ್ರೆ ಹದಿನೈದು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಂದೆ ಇರಬೇಕು. ಎಷ್ಟೋ ಸಲ ಯಾರದೂ ತಪ್ಪಿರಲ್ಲ, ಬೆಳೆದದ್ದೇ ತಪ್ಪು. ಹತ್ತು ಸಾವಿರ ಗಿರಾಕಿಗಳಿಗೆ ಅಂತ ಬರೆದ ಕೋಡಿನ ಮೇಲೆ ಹತ್ತು ಲಕ್ಷ ಜನ ಬಂದು ಕೂತ್ರೆ ಎಷ್ಟು ದಿನ ತಡೆದೀತು? ಈಗ ಎಕ್ಸ್ ಆಗಿರೋ ಟ್ವಿಟರ್ ಹಿಂದೆ ಬಿದ್ದು ಬಿದ್ದು ಏಳ್ತಿದ್ದಾಗ, ಹಕ್ಕಿಗಳು ತಿಮಿಂಗಿಲವನ್ನ ಎತ್ಕೊಂಡು ಹೋಗೋ ಚಿತ್ರ ಬರ್ತಿತ್ತು, ನೆನಪಿದೆಯಾ? ರೂಬಿ ಆನ್ ರೈಲ್ಸ್‌ನಲ್ಲಿ ಕಟ್ಟಿದ್ದನ್ನ ಒಂದೊಂದೇ ಭಾಗವಾಗಿ ಸ್ಕಾಲಾಕ್ಕೆ ಬದಲಾಯಿಸಿದ್ರು, 2013ರಲ್ಲಿ ಆ ತಿಮಿಂಗಿಲಕ್ಕೂ ನಿವೃತ್ತಿ ಕೊಟ್ರು. ನಾವೆಲ್ಲ ಚಿತ್ರ ನೋಡಿ ನಗ್ತಿದ್ದಾಗ ಅದರ ಹಿಂದೆ ಎಷ್ಟು ಜನ ನಿದ್ದೆಗಣ್ಣಲ್ಲಿ ಲಾಗ್ ಓದ್ತಾ ಕೂತಿದ್ರೋ ಪಾಪ.

ಸುಖ ಇಲ್ಲ ಅಂತಲ್ಲ. ನಾನು ಬರೆದ ಕೋಡು ಎರಡನೇ ವಾರಕ್ಕೇ ಗಿರಾಕಿಗಳ ಕೈಯಲ್ಲಿತ್ತು. ದೊಡ್ಡ ಕಂಪನಿಗಳಲ್ಲಿರೋ ನನ್ನ ಕ್ಲಾಸ್‌ಮೇಟುಗಳು ಅಷ್ಟರಲ್ಲಿ ಇನ್ನೂ ಟ್ರೈನಿಂಗ್ ವಿಡಿಯೋ ನೋಡ್ತಿದ್ರು.

ಆದ್ರೆ ಹೀಗೆ ಉಬ್ಬಿದ ಕಂಪನಿಗಳು ಗಾಳಿ ತಿರುಗಿದ್ರೆ ಅಷ್ಟೇ ಬೇಗ ಇಳಿಸ್ತವೆ. ಮೆಟಾ 2022ರ ನವೆಂಬರಿನಲ್ಲಿ 11 ಸಾವಿರ ಜನರನ್ನ ತೆಗೀತು, 2023ರ ಮಾರ್ಚಿನಲ್ಲಿ ಇನ್ನೂ 10 ಸಾವಿರ ಅಂತ ಘೋಷಿಸ್ತು. ನಮ್ಮಲ್ಲೂ ಒಂದು ಬೆಳಿಗ್ಗೆ ಐದು ಜನರ ಲಾಗಿನ್ ಕೆಲಸ ಮಾಡಲಿಲ್ಲ. ಅವರಲ್ಲೊಬ್ಬ ದಾವಣಗೆರೆ ಹುಡುಗ, ಸೇರಿ ಹತ್ತು ತಿಂಗಳು. ಷೇರಿನ ಮೊದಲ ಕಂತು ಬರೋದು ಒಂದು ವರ್ಷ ತುಂಬಿದ ಮೇಲೆ, ಹಾಗಾಗಿ ಅವನಿಗೆ ಬಿಡಿಗಾಸೂ ಇಲ್ಲ. ಎಚ್-1ಬಿ ವೀಸಾದಲ್ಲಿರೋರಿಗೆ ಕೆಲಸ ಹೋದ ಮೇಲೆ ಸಿಗೋದು ಹೆಚ್ಚೆಂದರೆ 60 ದಿನ. 2017ರಿಂದ ಇರೋ ನಿಯಮ ಇದು. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲಾ ವೀಸಾ ಬದಲಾವಣೆಗೆ ಅರ್ಜಿ ಹಾಕಬೇಕು, ಎರಡೂ ಆಗದಿದ್ರೆ ಗಂಟುಮೂಟೆ ಕಟ್ಟಬೇಕು.

ಅವನು ಹೋದ ಮೂರನೇ ವಾರ ಆನ್‌ಕಾಲ್ ನನ್ನದು. ರಾತ್ರಿ ಮೂರಕ್ಕೆ ಅಲಾರಂ, ಬಿದ್ದಿರೋದು ಅವನೊಬ್ಬನಿಗೇ ಗೊತ್ತಿದ್ದ ಭಾಗ. ಅರ್ಧ ಗಂಟೆ ತಡಕಾಡಿ, ಕೊನೆಗೆ ಸಂಕೋಚದಿಂದಲೇ ಅವನಿಗೆ ವಾಟ್ಸಾಪ್ ಮಾಡಿದೆ, ಬೆಳಿಗ್ಗೆ ನೋಡ್ಲಿ ಅಂತ. ಎರಡು ನಿಮಿಷಕ್ಕೆ ಉತ್ತರ ಬಂತು. "ಆ ಕ್ಯೂ ಒಮ್ಮೆ ಖಾಲಿ ಮಾಡಿ ರೀಸ್ಟಾರ್ಟ್ ಮಾಡು ಗುರು, ಸರಿಹೋಗುತ್ತೆ." ಸರಿಹೋಯ್ತು. ಅವನು ಮೂರೂವರೆಗೆ ಯಾಕೆ ಎದ್ದಿದ್ದ ಅಂತ ಕೇಳೋ ಧೈರ್ಯ ನನಗಾಗಲಿಲ್ಲ. (ಅವನ ಹೊಸ ಕಂಪನಿ ಅರ್ಜಿ ಹಾಕಿದ್ದು 58ನೇ ದಿನ. ಬಚಾವ್.)

ಆ ವಾರದಿಂದ ನಾನು ಒಂದೊಂದು ಡಬ್ಬಿಗೂ ಒಂದೊಂದು ಪುಟ ಬರೆದಿಡ್ತಿದ್ದೀನಿ. ಇದೇನು, ಯಾರು ಮಾಡಿದ್ದು, ಯಾಕೆ ಹೀಗಿದೆ, ಬಿದ್ರೆ ಏನು ಮಾಡಬೇಕು. ಮ್ಯಾನೇಜರ್ರು "ಇದು ಯಾವ ಟಿಕೆಟ್ಟಿನ ಕೆಲಸ?" ಅಂದ್ರು. ಯಾವ ಟಿಕೆಟ್ಟಿನದ್ದೂ ಅಲ್ಲ, ಹಾಗಾಗಿ ಶುಕ್ರವಾರ ಸಂಜೆ ಬರೀತೀನಿ. ಇಲ್ಲಿಗೆ ನಲವತ್ತೊಂದು ಪುಟ ಆಗಿದೆ. ಮುಂದಿನ ತಿಂಗಳು ಟೀಮಿಗೆ ಮತ್ತೆ ಐದು ಜನ ಹೊಸಬರಂತೆ.