ಪೆಟ್ಟಿಗಿಂತ ಮೊದಲೇ ಕೇಳಿಸುವ ಚೆಂಡೆ

ಬಹರೈನಿನ ಮನಾಮಾದಿಂದ ಓದುಗರೊಬ್ಬರ ಪ್ರಶ್ನೆ: ‘ಊರಿನಿಂದ ತಂದ ಯಕ್ಷಗಾನದ ಕ್ಯಾಸೆಟ್ಟುಗಳನ್ನು 128 ಕೆಬಿಪಿಎಸ್ ಎಂಪಿ3 ಮಾಡಿಸಿದ್ದೆ. ವೇವ್‌ಗೆ ಬದಲಾಯಿಸಿದರೆ ಧ್ವನಿ ಬಿಚ್ಚಿಕೊಳ್ಳುತ್ತದೆ ಎಂದರು ಗೆಳೆಯರು. ಬದಲಾಯಿಸಿದೆ. ಒಂದು ಗಂಟೆಯ ಫೈಲು 58 ಎಂಬಿಯಿಂದ 635ಕ್ಕೆ ಏರಿತು. ಧ್ವನಿಯೂ ಏರಿತೇ?’

ಇಲ್ಲ ಸ್ವಾಮಿ, ಚೂರೂ ಇಲ್ಲ. ದೊಡ್ಡ ಪಾತ್ರೆಗೆ ಸುರಿದರೆ ಸಾರು ಹೆಚ್ಚಾಗುತ್ತದೆಯೇ? ಎಂಪಿ3 ನುಡಿಸುವಾಗಲೆಲ್ಲ ಕಂಪ್ಯೂಟರು ಮಾಡುವುದೇ ಅದನ್ನು. ಫೈಲನ್ನು ಬಿಚ್ಚಿ ಎಡ, ಬಲ ಒಂದೊಂದಕ್ಕೂ ಸೆಕೆಂಡಿಗೆ 44,100 ಅಂಕಿಗಳ ಸಾಲು ಮಾಡುತ್ತದೆ, ಸೌಂಡ್ ಕಾರ್ಡು ಅದನ್ನು ವಿದ್ಯುತ್ತಿನ ಏರಿಳಿತವಾಗಿಸಿ ಸ್ಪೀಕರಿಗೆ ಕೊಡುತ್ತದೆ. ನೀವು ಆ ಅಂಕಿಗಳನ್ನೇ ಡಿಸ್ಕಿಗೆ ಬರೆಸಿದ್ದೀರಿ, ಅಷ್ಟೆ. ಕಿವಿಗೆ ಹೇಗೂ ಕೇಳಿಸದು ಎಂದು ಎಂಪಿ3 ಬಿಸಾಡಿದ್ದು ಮರಳಿ ಬರುವುದಿಲ್ಲ. 320ಕ್ಕೆ ಏರಿಸಿದರಂತೂ ಇನ್ನೊಮ್ಮೆ ಬಿಸಾಡಿದಂತಾಯಿತು. ಆದರೂ ಈ ಮೂಢನಂಬಿಕೆಗೆ ಓದಿದವರೇ ಭಕ್ತರು!

ಜರ್ಮನಿಯ ಎರ್ಲಾಂಗನ್‌ನಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಎಂಪಿ3 ಕಟ್ಟುವಾಗ ಗಾಯಕಿ ಸುಝಾನ್ ವೇಗಾ ಅವರ ಒಂಟಿ ದನಿ ಕಾಡಿಸಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಇಷ್ಟ ಕ್ಯಾಸ್ಟನೆಟ್ಟಿನ ಪರೀಕ್ಷೆ. ಸ್ಪೇನಿನ ನರ್ತಕಿಯರು ಕೈಯಲ್ಲಿ ಕುಟ್ಟುವ ಆ ಮರದ ಚಿಪ್ಪು ಎಂಪಿ3ಯ ಬೆವರಿಳಿಸುತ್ತದೆ. ನಮ್ಮ ಚೆಂಡೆಯೂ ಅಷ್ಟೇ.

ಎಂಪಿ3 ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಲ್ಲಿ ನೋಡುತ್ತದೆ. ತುಂಡಿನೊಳಗೆ ಯಾವ ಕಂಪನ ಎಷ್ಟಿದೆ ಎಂದು ಅಳೆದು, ಆ ಅಳತೆಯನ್ನು ಒರಟಾಗಿ ಬರೆದಿಡುತ್ತದೆ. ಜಾಗ ಉಳಿಯುವುದು ಈ ಒರಟುತನದಿಂದಲೇ. ಆದರೆ ಅದರ ತಪ್ಪು ತುಂಡಿನ ಉದ್ದಕ್ಕೂ ಹರಡುತ್ತದೆ. ಭಾಗವತರು ಎಳೆದು ಹಾಡುವಾಗ ಅದು ದನಿಯಡಿ ಮುಚ್ಚಿಹೋಗುತ್ತದೆ. ಮುಕ್ಕಾಲು ತುಂಡು ನಿಶ್ಶಬ್ದವಾಗಿದ್ದು ಕೊನೆಯಲ್ಲಿ ಚೆಂಡೆಗೆ ಕೋಲು ಬಿದ್ದರೆ? ಆಗ ತಪ್ಪಿನ ಗುಜುಗುಜು ಪೆಟ್ಟಿಗಿಂತ ಮುಂಚಿನ ನಿಶ್ಶಬ್ದಕ್ಕೂ ಸೋರುತ್ತದೆ. ಪೂರ್ವಪ್ರತಿಧ್ವನಿ! ಪೆಟ್ಟಿನ ನಂತರದ ಸಣ್ಣ ಸದ್ದನ್ನು ಕಿವಿ ಸಾಕಷ್ಟು ಹೊತ್ತು ಮನ್ನಿಸುತ್ತದೆ, ಮುಂಚಿನದನ್ನು ಕೆಲವೇ ಮಿಲಿಸೆಕೆಂಡು. ಜಾಣ ಎನ್‌ಕೋಡರುಗಳು ಪೆಟ್ಟಿನ ಸುಳಿವು ಸಿಕ್ಕಿದೊಡನೆ ತುಂಡನ್ನು ಮೂರು ಚಿಕ್ಕ ತುಂಡು ಮಾಡಿಕೊಳ್ಳುತ್ತವೆ. 128ರಲ್ಲಿ ಅದೂ ಎಲ್ಲ ಸಲ ಸಾಲದು.

ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ನಿಮ್ಮ ಫೈಲು ತೆರೆದು ಒಂದೇ ಪೆಟ್ಟನ್ನು ಹಿಗ್ಗಿಸಿ ನೋಡಿ. ನೆಟ್ಟಗೆ ಏಳಬೇಕಾದ ಗೆರೆಯ ಎಡಗಡೆ ಸಣ್ಣ ನಡುಕ ಕಂಡೀತು. ಕಾಣದಿದ್ದರೆ ಕ್ಯಾಸೆಟ್ಟಿನ ಸುಯ್ ಸದ್ದು ಅದನ್ನು ನುಂಗಿರಬಹುದು!

ನಿಮ್ಮ ಬಹರೈನಿನಲ್ಲೇ ಇನ್ನೂ ಕಠಿಣವಾದ ಪರೀಕ್ಷೆಯಿದೆ. ಮುತ್ತು ಹೆಕ್ಕುವವರ ಫಿಜಿರಿ ಗಾಯನ 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಅದರಲ್ಲಿ ಮಣ್ಣಿನ ಗಡಿಗೆಗೆ ಅಂಗೈ ಪೆಟ್ಟು, ಮಿರ್ವಾಸ್ ಎಂಬ ಪುಟ್ಟ ಚರ್ಮವಾದ್ಯ, ಮೇಲೆ ಗುಂಪಿನ ಚಪ್ಪಾಳೆ. ಎಂಪಿ3ಯನ್ನು ಚಪ್ಪಾಳೆಯಷ್ಟು ಗೋಳು ಹುಯ್ದುಕೊಳ್ಳುವ ಸದ್ದು ಕಡಿಮೆ.

ಕ್ಯಾಸೆಟ್ಟು ಇನ್ನೂ ಇದ್ದರೆ ಅದರಿಂದಲೇ ಹೊಸದಾಗಿ ಫ್ಲ್ಯಾಕ್ ಮಾಡಿಸಿ. ಅದು ಒಂದು ಅಂಕಿಯನ್ನೂ ಬಿಸಾಡದೆ ವೇವ್‌ನ ಅರ್ಧದಿಂದ ಮುಕ್ಕಾಲು ಜಾಗಕ್ಕೆ ಇಳಿಯುತ್ತದೆ. ಅಲ್ಲಿನ ಕನ್ನಡ ಸಂಘದಲ್ಲಿ ಆಟವಾದಾಗ ರೆಕಾರ್ಡ್ ಮಾಡುವವರೂ ಮೊದಲ ಪ್ರತಿಯನ್ನು ವೇವ್‌ನಲ್ಲೇ ಇಡಲಿ. ವಾಟ್ಸಾಪಿಗೆ ಎಂಪಿ3 ಸಾಕು. ನಿಮ್ಮ 635 ಎಂಬಿಯನ್ನು ನಿಶ್ಚಿಂತೆಯಿಂದ ಅಳಿಸಿ.