ಯಾವ ಶಾಲೆ ಮೇಲು?

ಮಗಳನ್ನು ಊರಿನ ಸರ್ಕಾರಿ ಶಾಲೆಗೇ ಸೇರಿಸುವುದೋ, ಬಳ್ಳಾರಿಗೆ ಕಳುಹಿಸುವುದೋ? ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿಗಳಲ್ಲಿ ಹೀಗೆ ತೂಗಿನೋಡುವ ತಂದೆತಾಯಂದಿರು ಮೊದಲು ವಿಚಾರಿಸುವುದು ಪರೀಕ್ಷೆಯ ಫಲಿತಾಂಶವನ್ನು. ವಿಚಾರಿಸಬೇಕಾದುದು ಉಪಾಧ್ಯಾಯರ ಸಂಖ್ಯೆಯನ್ನು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಸಾಕು. ಸಂಖ್ಯೆ 121 ಮುಟ್ಟಿದರೆ ಐವರು. ಪೇಟೆಯ ತುಂಬಿದ ಶಾಲೆಯಲ್ಲಿ ತರಗತಿಗೊಬ್ಬ ಗುರು, ಹಳ್ಳಿಯಲ್ಲಿ ಐದಕ್ಕೂ ಇಬ್ಬರು. ಕಾಯಿದೆಯೇನೋ ತೃಪ್ತ! ಒಬ್ಬರು ಬಿಸಿಯೂಟದ ಲೆಕ್ಕಕ್ಕೆ ಕುಳಿತರೆ ಇನ್ನೊಬ್ಬರ ಮುಂದೆ ಐದೂ ತರಗತಿ. ಅನುಕೂಲಸ್ಥರ ಮಕ್ಕಳು ಬಸ್ಸು ಹತ್ತಿದಂತೆ ದಾಖಲಾತಿ ಇಳಿಯುತ್ತದೆ; 61 ಮಕ್ಕಳಿದ್ದ ಶಾಲೆಯಿಂದ ಒಂದೇ ಮಗು ಹೊರಟರೂ ಮೂರನೆಯ ಉಪಾಧ್ಯಾಯರ ಹುದ್ದೆಗೆ ಸಂಚಕಾರ. ಬಸ್ಸಿಗೆ ಹಣವಿಲ್ಲದ, ಮೆಣಸಿನಕಾಯಿ ಬಿಡಿಸುವ ಕೂಲಿಕಾರರ ಮಕ್ಕಳು ಅಲ್ಲಿಯೇ ಉಳಿಯುತ್ತಾರೆ.